ಬಾಯಲ್ಲೊಂದು ಎಳೆ ದಾರ

"ನಡೆದಾಡ್ಬೇಡ. ಕೂತಲ್ಲೇ ಕೂತಿರು. ಕೇಳಿದ್ದಕ್ಕಷ್ಟೇ ಉತ್ತರ ಕೊಡು," ಎಂದು ಬಾಂಬರ್ಗರ್ ಮತ್ತೆ ಹೇಳಿದಾಗ ಝೇಲಿಗ್ ಹೆಂಡತಿಯ ಕಡೆ ತಿರುಗಿದ.

"ನಿನ್ನ ನೋಡೋಕೆ ಬಂದಾಗ್ಲೂ ಮದುವೆ ದಲ್ಲಾಳಿ ನನ್ನ ಹಿಂಗೇ ಕೂರ್ಸಿದ್ದ ಕಣೆ."

ಫ್ರುಮಾಳಿಗೆ ನಗು ಬಂತು. ನ್ಯೂಯಾರ್ಕಿನ ಹೊಲಿಗೆ ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದು ಅವನಿಗೆ ಹಡಗಿನ ಟಿಕೆಟ್ ಕಳಿಸಿದ್ದಳು. ಬಂದವನನ್ನು, ವಲಸೆ ಬಂದವರ ತಪಾಸಣೆ ನಡೆಯುವ ಎಲ್ಲಿಸ್ ದ್ವೀಪದಲ್ಲೇ ತಡೆದರು. ಹುಟ್ಟಿನಿಂದ ಸೊಟ್ಟಗಿದ್ದ ಕಾಲು ಹೊಲಿಗೆ ಯಂತ್ರ ತುಳಿಯಲಾರದು, ದುಡಿಯಲಾರದವನು ಸರಕಾರಕ್ಕೆ ಹೊರೆ, ವಾಪಸು ಕಳಿಸಿ ಎಂದಾಯಿತು. ಯಹೂದಿ ನೆರವು ಸಂಘದವರು ಜಗಳವಾಡಿ ಇನ್ನೊಂದು ವಿಚಾರಣೆ ಗಿಟ್ಟಿಸಿದ್ದರು. ಇದೂ ಕೈಕೊಟ್ಟರೆ ನಾಳೆಯ ಹಡಗು. ಸಂಘದ ಬಾಂಬರ್ಗರ್ ಒಳ್ಳೆಯವರೇ. ಆದರೆ ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದು ನೆಲೆಸಿದ ಮನೆತನ. ಹೊಸದಾಗಿ ಬಂದ ತಮ್ಮವರ ಗಡ್ಡ, ಗದ್ದಲ ಕಂಡರೆ ಅವರಿಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು.

ವಿಚಾರಣೆಯ ಕೋಣೆಯೊಳಗೆ ಮೂವರು ಅಧಿಕಾರಿಗಳಿದ್ದರು. ನಡುವೆ ಕುಳಿತಿದ್ದ ಪೊದೆಮೀಸೆಯ ಮುದುಕ, "ಈ ಕಾಲಿಟ್ಕೊಂಡು ಏನು ಕೆಲ್ಸ ಮಾಡ್ತಾನಂತೆ?" ಎಂದ.

"ನಾನು ಕಾಲಲ್ಲಿ ಹೊಲಿಯೋನಲ್ಲ ಅಂತ ಹೇಳಿ," ಎಂದ ಝೇಲಿಗ್. "ಅವರ ಕೋಟಿನ ಗುಂಡಿ ನೇತಾಡ್ತಿದೆ. ಹಾಕ್ಕೊಡ್ತೀನಿ, ನೋಡ್ಲಿ."

ಬಾಂಬರ್ಗರ್ ಮೊದಲ ಮಾತು ನುಂಗಿ ಎರಡನೆಯದನ್ನಷ್ಟೇ ಇಂಗ್ಲಿಷಿಗೆ ದಾಟಿಸಿದರು. ಮುದುಕ ಗುಂಡಿ ಮುಟ್ಟಿ ನೋಡಿಕೊಂಡ.

"ಚಳಿ. ಕೋಟು ಬಿಚ್ಚಲ್ಲ. ಹೀಗೇ ಹಾಕ್ಲಿ."

ಝೇಲಿಗ್ ಕುಂಟುತ್ತ ಹೋಗಿ, ಕೊರಳಪಟ್ಟಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ದಾರ ಪೋಣಿಸಿದ. ಆಮೇಲೆ ಇನ್ನೊಂದು ತುಂಡು ದಾರ ಹರಿದು ಮುದುಕನ ಬಾಯ ಹತ್ತಿರ ಹಿಡಿದ.

"ಆ ಹಳ್ಳಿ ಶಾಸ್ತ್ರ ಎಲ್ಲ ಇಲ್ಲಿ ಬೇಡಪ್ಪ," ಎಂದು ಬಾಂಬರ್ಗರ್ ಪಿಸುಗುಟ್ಟಿದರು. "ಸುಮ್ನೆ ಹೊಲಿ."

"ಹೆಂಗೆ ಹೊಲೀಲಿ? ಅವರಿಗೆ ಕೆಟ್ಟದಾದ್ರೆ?"

"ಏನಂತೆ?" ಎಂದ ಮುದುಕ.

ಬಾಂಬರ್ಗರ್ ಮುಖ ತಿರುಗಿಸಿಕೊಂಡರು. ಫ್ರುಮಾಳೇ ಎದ್ದು ತನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದಳು.

"ಸ್ವಾಮಿ, ಮೈಮೇಲಿರೋ ಬಟ್ಟೇನ ಹಂಗೇ ಹೊಲಿಯೋದು ನಮ್ಮಲ್ಲಿ ಹೆಣಕ್ಕೆ ಮಾತ್ರ. ಬದುಕಿರೋರು ಬಾಯಲ್ಲಿ ದಾರ ಅಗೀತಿರ್ಬೇಕು. ನಿಮ್ಮ ಒಳ್ಳೇದಕ್ಕೇ ಕೊಡ್ತಿದಾನೆ."

"ಇವನನ್ನ ನಾಳೆ ಹಡಗು ಹತ್ತಿಸೋನು ನಾನು. ಗೊತ್ತಾ ಇವನಿಗೆ?"

"ಗೊತ್ತು."

ಮುದುಕ ಝೇಲಿಗ್‌ನ ಮುಖವನ್ನೇ ನೋಡಿದ. ಆಮೇಲೆ ಬಾಯಿ ತೆರೆದ. ದಾರ ಅಗಿಯುತ್ತ ಕುಳಿತವನು ಏನೂ ಕೇಳುವಂತಿರಲಿಲ್ಲ, ಸೂಜಿಯೊಂದೇ ಓಡುತ್ತಿತ್ತು. ಮುಗಿದ ಮೇಲೆ ಮುದುಕ ಗುಂಡಿಯನ್ನು ಜಗ್ಗಿ ನೋಡಿದ. ಅದು ಜಪ್ಪಯ್ಯ ಅನ್ನಲಿಲ್ಲ. ಎಡಬಲದವರ ಕಡೆ ತಿರುಗಿ, ತುಟಿಗೆ ಅಂಟಿದ್ದ ದಾರವನ್ನೂ ತೆಗೆಯದೆ, "ಬಿಡಿ ಇವನನ್ನ," ಎಂದ.

ದ್ವೀಪದಿಂದ ನ್ಯೂಯಾರ್ಕಿಗೆ ದಾಟುವ ದೋಣಿಯಲ್ಲಿ ಫ್ರುಮಾ ಗಂಡನ ಅಂಗಿಯ ತೋಳು ಹರಿದಿದ್ದನ್ನು ಕಂಡಳು. ನಾಲ್ಕು ವರ್ಷದಿಂದ ಅವನ ಬಟ್ಟೆಗೆ ಅವನೇ ಹೊಲಿಗೆ ಹಾಕಿಕೊಂಡಿದ್ದ. ಅವನ ಕೊರಳಪಟ್ಟಿಯಿಂದ ಸೂಜಿ ಕಿತ್ತು, ತೋಳನ್ನು ತೊಡೆಯ ಮೇಲೆ ಎಳೆದುಕೊಂಡಳು.

ಝೇಲಿಗ್ ತಾನಾಗಿಯೇ ಬಾಯಿ ತೆರೆದ. ಅವಳು ದಾರದ ತುಂಡೊಂದನ್ನು ಅವನ ತುಟಿಗಿಟ್ಟಳು.

"ನಿಧಾನವಾಗಿ ಹೊಲಿ," ಎಂದ ಅವನು.

ಊರು ಹತ್ತಿರವಾಗುತ್ತಿತ್ತು. ಅವನು ಅದರ ಕಡೆ ನೋಡದೆ, ಅವಳ ಬೆರಳುಗಳನ್ನು ನೋಡುತ್ತ, ಅಗಿಯುತ್ತಲೇ ಇದ್ದ.