ಹಗ್ಗ ಹಿಡಿಯುವವಳು

"ಹಿಡಿ!" ಎಂದು ಶಿವರಾಯ ಹಗ್ಗ ಎಸೆದ.

ಕಮಳಾಬಾಯಿ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಓಡಿಬಂದು ಹಿಡಿದಳು. ಕಿಟಕಿಯ ಸರಳಿಗೆ ಸುತ್ತಿ, ಗಂಟು ಬಿಗಿದು, "ಕಟ್ಟೀನಿ ನೋಡು" ಎಂದಳು. ಹಗ್ಗದ ಇನ್ನೊಂದು ತುದಿ ಮಂಚದ ಕಾಲಿಗಿತ್ತು. ಶಿವರಾಯ ಮಂಚದ ಮೇಲೆ ಕುಳಿತಲ್ಲೇ ಮೈಯನ್ನು ಆ ಕಡೆ ಈ ಕಡೆ ತೂಗಿ ನೋಡಿ, ಸರಿಯಿದೆ ಎನ್ನಿಸಿದ ಮೇಲೆ ಕಾಲು ಮೇಲೆತ್ತಿಕೊಂಡ. "ಈಗ ತಾ ರೊಟ್ಟಿ" ಎಂದ. ಅಷ್ಟರಲ್ಲಿ ರೊಟ್ಟಿ ಕರಕಾಗಿತ್ತು. ಕರಕಾದದ್ದನ್ನು ತಾನು ತಿಂದು ಅವಳು ಅವನಿಗೆ ಬೇರೆಯದು ಬಡಿದಳು.

ಸೋಲಾಪುರದಲ್ಲಿ, ಮೂರನೆಯ ಮಹಡಿಯ ಮನೆಯಲ್ಲಿ, ದಿನಾ ಸಂಜೆ ನಡೆಯುತ್ತಿದ್ದ ಆಟ ಇದು. ಹೊಸದಾಗಿ ನೋಡಿದವರಿಗೆ ನಗು ಬರುತ್ತಿತ್ತು. ಕಮಳಾಬಾಯಿಗೆ ಮಾತ್ರ ಇಡೀ ದಿನ ಆ ಹೊತ್ತಿನದೇ ಹಾದಿ ಕಾಯುವುದಾಗಿತ್ತು.

ಗಂಡ ಹೆಂಡತಿ ಬಾಳುವೆ ಮಾಡಿದ್ದೆಲ್ಲ ನೀರಿನ ಮೇಲೆ. ಭೀಮಾ ಹೊಳೆಗೆ ಬಂಧಾರ ಕಟ್ಟಿದ ಮೇಲೆ ಅಕ್ಕಲಕೋಟ ತಾಲೂಕಿನ ಅಂಚಿಗೆ ಬಹಳ ದೂರದವರೆಗೆ ನೀರು ನಿಂತಿತ್ತು. ಆ ನೀರಿನಲ್ಲಿ ಇವರ ದೊಡ್ಡ ಮರದ ದೋಣಿ. ಅದಕ್ಕೊಂದು ತಗಡಿನ ಮಾಡು, ಮಾಡಿನ ಕೆಳಗೆ ಒಲೆ, ಕೌದಿ, ಬುಟ್ಟಿಯಲ್ಲಿ ನಾಲ್ಕು ಕೋಳಿ. ಮಳೆಗಾಲ ಮುಗಿದರೆ ಇವತ್ತು ಈ ಊರ ದಂಡೆ, ನಾಳೆ ಆ ಊರ ದಂಡೆ. ಈಚಿನ ಮಹಾರಾಷ್ಟ್ರದವರನ್ನು ಆಚಿನ ಕರ್ನಾಟಕಕ್ಕೆ, ಆಚಿನವರನ್ನು ಈಚೆಗೆ, ಮೋಟರ್‌ಸೈಕಲ್ಲು, ಶೇಂಗಾ ಚೀಲ, ಮದುಮಗಳು ಎನ್ನದೆ ದಾಟಿಸಿದರು. ನಡುನಡುವೆ ಬಲೆ ಬೀಸಿದರು. ಒಬ್ಬಳೇ ಮಗಳು ಉಜ್ವಲಾ ಅಂಬೆಗಾಲಿಡುವಾಗ ನೀರಿಗೆ ಬಿದ್ದಾಳೆಂದು ಅವಳ ನಡುವಿಗೆ ದಾರ ಕಟ್ಟಿ ಮಾಡಿನ ಕಂಬಕ್ಕೆ ಬಿಗಿದಿದ್ದರು. ಅದೇ ಉಜ್ವಲಾ ಅಕ್ಕಲಕೋಟದ ಹಾಸ್ಟೆಲಿನಲ್ಲಿ ಓದಿ, ಈಗ ಸೋಲಾಪುರದ ಒಂದು ಕಚೇರಿಯಲ್ಲಿ ಕ್ಲಾರ್ಕು.

ದೋಣಿಯವರಲ್ಲಿ ಒಂದು ರೀತಿಯಿತ್ತು. ದೋಣಿ ನೂಕುವ ಗಳವನ್ನು ಯಾರ ಕೈಗಾದರೂ ಕೊಟ್ಟಾರು, ಹಗ್ಗವನ್ನು ಮಾತ್ರ ಪರರ ಕೈಗೆ ಕೊಡರು. ಹಗ್ಗ ಯಾರ ಕೈಯಲ್ಲಿದೆಯೋ ದೋಣಿ ಅವರದು ಎಂಬ ನಂಬಿಕೆ. ದಂಡೆ ಬಂತೆಂದರೆ ಮನೆಯಾಕೆಯೇ ಮೊದಲು ಜಿಗಿಯಬೇಕು, ಗಂಡ ಎಸೆದ ಹಗ್ಗವನ್ನು ಅವಳೇ ಹಿಡಿದು ಗೂಟಕ್ಕೆ ಕಟ್ಟಬೇಕು. ಊರ ಗೌಡನೇ ಕೂತಿದ್ದರೂ ಅವನು ಕೈ ಹಾಕುವಂತಿಲ್ಲ. ಕಮಳಾಬಾಯಿ ಮದುವೆಯಾಗಿ ಬಂದ ದಿನ ಅತ್ತೆ ಉಡಿ ತುಂಬುವ ಮೊದಲು ಅವಳ ಕೈಗೆ ಕೊಟ್ಟದ್ದು ಹಗ್ಗದ ತುದಿಯನ್ನು.

ಶಿವರಾಯನ ಮರೆವು ಹೊಳೆಯ ನಡುವೆಯೇ ಶುರುವಾಯಿತು. ಜನರನ್ನು ಹೇರಿಕೊಂಡು ಹೊರಟವನು ನಡುನೀರಿನಲ್ಲಿ ನಿಂತು ಯಾವ ದಂಡೆಗೆ ಹೋಗಬೇಕೆಂದು ತಿಳಿಯದೆ ಹತ್ತಿಸಿಕೊಂಡ ಕಡೆಗೇ ತಂದು ಇಳಿಸಿದ. ಮೊದಲ ಸಲ ಜನ ನಕ್ಕರು. ಆಮೇಲೆ ದೋಣಿ ಹತ್ತುವುದನ್ನೇ ಬಿಟ್ಟರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಇಲ್ಲಿ ಹೊಳೆ ದಾಟುವ ಮೊದಲೇ ಹಂಗು ಹರಿದಿತ್ತು. ದೋಣಿಯನ್ನು ಅಣ್ಣನ ಮಗ ಪಪ್ಪುವಿನ ವಶಕ್ಕೆ ಬಿಟ್ಟು, ಆ ಹಗ್ಗವೊಂದನ್ನೇ ಗಂಟಿನಲ್ಲಿ ಕಟ್ಟಿಕೊಂಡು ಇಬ್ಬರೂ ಮಗಳ ಮನೆಗೆ ಬಂದರು.

ಅಲ್ಲಿಂದ ಮುಂದೆ ಹೆಸರುಗಳು ಒಂದೊಂದಾಗಿ ಹೋದವು. ಅಳಿಯ ಅವಿನಾಶ ಅವನಿಗೆ ಡಾಕ್ಟರ ಆದ, ಮಗಳು ದವಾಖಾನೆಯ ನರ್ಸ್‌ಬಾಯಿ ಆದಳು. ದೀಪಾವಳಿ ಮುಗಿಯುವ ಹೊತ್ತಿಗೆ 'ಕಮಳಿ' ಎಂಬುದೂ ಹೋಯಿತು. "ಹೋದರ ಹೋಗಲಿ, ಹೆಸರ ಇಟಗೊಂಡು ಉಪ್ಪಿನಕಾಯಿ ಹಾಕೂದೈತೇನು" ಎಂದಳು ಕಮಳಾಬಾಯಿ ಮಗಳ ಮುಂದೆ. ಆದರೆ ಹೊತ್ತು ಮುಳುಗುವಾಗ ಹಗ್ಗ ಮಾತ್ರ ತಪ್ಪದೆ ಅವಳ ಕೈಗೇ ಬರುತ್ತಿತ್ತು. ಒಮ್ಮೆ ಉಜ್ವಲಾ ಕೈ ಚಾಚಿದ್ದಕ್ಕೆ ಅವನು ಹಗ್ಗವನ್ನು ಎದೆಗೊತ್ತಿಕೊಂಡು ಹಿಂದೆ ಸರಿದಿದ್ದ. ಅವತ್ತು ಕಮಳಾಬಾಯಿ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು, ಹೊಸ ಮದುಮಗಳ ಹಾಗೆ.

ಸುಖ ಬಹಳ ದಿನ ನಡೆಯಲಿಲ್ಲ. ಶಿವರಾಯ ಹಗಲು ಹೊತ್ತಿನಲ್ಲೂ ಕಟ್ಟತೊಡಗಿದ. ಪಕ್ಕದ ಮನೆಯವರ ಸ್ಕೂಟರನ್ನು ಮೆಟ್ಟಿಲಿನ ಕಂಬಿಗೆ ಬಿಗಿದ. ಒಂದು ದಿನ ಲಿಫ್ಟಿನ ಬಾಗಿಲಿಗೇ ಗಂಟು ಹಾಕಿಬಿಟ್ಟ. ಅಂಬಿಗನ ಗಂಟು, ಯಾರಿಗೆ ಬಿಚ್ಚಲು ಬಂದೀತು? ಕಟ್ಟಡದ ಹಿರಿಯ ಶಾಂತಲಿಂಗಪ್ಪನವರು ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, "ಉಜ್ವಲಾತಾಯಿ, ಇದಕ್ಕೇನರ ಒಂದು ವ್ಯವಸ್ಥಾ ಮಾಡ್ರಿ" ಎಂದರು. ಉಜ್ವಲಾ ಅವತ್ತು ಹಗ್ಗವನ್ನು ಕಪಾಟಿನ ಮೇಲೆ ಬಚ್ಚಿಟ್ಟಳು.

ಶಿವರಾಯ ಹುಡುಕಿದ. ಸಿಗಲಿಲ್ಲ. ಮಂಚದ ಮೇಲೆ ಕೂರಲೊಲ್ಲದೆ ಗೋಡೆಗೆ ಪಾದ ಒತ್ತಿ ನಿಂತ, ತೇಲಿ ಹೋಗುವುದನ್ನು ಕಾಲಿನಿಂದಲೇ ತಡೆಯುವವನಂತೆ. ಊಟ ಬಿಟ್ಟ. ಉಜ್ವಲಾ ತಡೆಯಲಾರದೆ ಹಗ್ಗ ತಂದು ಅವನ ತೊಡೆಯ ಮೇಲಿಟ್ಟಳು. ಅವನು ಅದನ್ನು ಮೂಸಿದ, ಸುತ್ತಿ ಮಡಿಲಲ್ಲಿಟ್ಟುಕೊಂಡ. ಸಂಜೆಯಾಯಿತು. ಕಮಳಾಬಾಯಿ ಕಿಟಕಿಯ ಹತ್ತಿರ ಕೈ ಚಾಚಿ ನಿಂತಳು. ಅವನು ಎಸೆಯಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

"ಆಯಿ, ನಂದs ತಪ್ಪು," ಎಂದು ಮಗಳು ಅತ್ತಳು.

"ನಿಂದೇನ ತಪ್ಪು ಬಿಡು. ಹೊಳಿಗಿ ಕರಕೊಂಡು ಹೋಗೂಣು ನಡಿ. ನಾವಿ ಹತ್ತಿದರ ಹಗ್ಗ ಒಗೀತಾನ. ಒಗದೇ ಒಗೀತಾನ." ಕಮಳಾಬಾಯಿ ಇದನ್ನು ಹೇಳಿದ ರೀತಿಗೆ ಎದುರಾಡುವುದು ಉಜ್ವಲಾಳಿಂದ ಆಗಲಿಲ್ಲ.

ರವಿವಾರ ಮೂವರೂ ಬುತ್ತಿ ಕಟ್ಟಿಕೊಂಡು ಹೊರಟರು. ಅಕ್ಕಲಕೋಟದವರೆಗೆ ಬಸ್ಸು, ತಡವಳ ದಾಟಿ ಹೊಳೆಯವರೆಗೆ ಟಂಟಂ ರಿಕ್ಷಾ. ದಾರಿಯುದ್ದಕ್ಕೂ ಶಿವರಾಯ ಮಡಿಲಿನ ಹಗ್ಗ ಬಿಡಲಿಲ್ಲ. ಪಪ್ಪು ದೋಣಿ ತೊಳೆದು ದಂಡೆಗೆ ತಂದಿಟ್ಟಿದ್ದ. "ಕಾಕಾ, ನಾನೂ ಬರ್ತೀನಿ," ಎಂದದ್ದಕ್ಕೆ ಕಮಳಾಬಾಯಿ ಬೇಡವೆಂದಳು. "ಕೆಟ್ಟ ಧೈರ್ಯ ಮಾಡಬ್ಯಾಡ ಕಾಕು" ಎಂದು ಅವನು ಗೊಣಗಿದ.

ಅವಳ ಧೈರ್ಯ ಸುಳ್ಳಾಗಲಿಲ್ಲ. ಮನೆಯಲ್ಲಿ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದ ಮನುಷ್ಯ ಧೋತರ ಮೇಲೆ ಕಟ್ಟಿ ದೋಣಿಗೆ ಹಾರಿದ. ಹಗ್ಗದ ಒಂದು ತುದಿಯನ್ನು ದೋಣಿಯ ಮೂತಿಯ ಕಬ್ಬಿಣದ ಬಳೆಗೆ ಬಿಗಿದ, ಗಳ ಎತ್ತಿಕೊಂಡ, ನೆಲಕ್ಕೆ ಊರಿ ಬೆನ್ನು ಬಾಗಿಸಿದ. ದೋಣಿ ಸರಿಯಿತು. ಆಳ ಬಂದಲ್ಲಿ ಗಳ ಇಟ್ಟು ಹುಟ್ಟು ಹಾಕಿದ. ಯಾವ ದಂಡೆ ಎಂದು ಒಂದು ಸಲವೂ ತಡಬಡಿಸಲಿಲ್ಲ. ಎಳೆ ಬಿಸಿಲು, ಸಣ್ಣ ಗಾಳಿ. ಉಜ್ವಲಾ ಬಾಯಿ ತೆರೆದು ನೋಡಿದಳು. ಹಾಗೇ ಮಾಡಿನ ಕಂಬವನ್ನು ಕೈಯಿಂದ ಸವರಿದಳು. ತನ್ನನ್ನು ಕಟ್ಟಿದ ದಾರ ಉಜ್ಜಿ ಬಿದ್ದ ಗೆರೆ ಇನ್ನೂ ಅಲ್ಲಿತ್ತು.

ನಡುನೀರಿನಲ್ಲಿ ಶಿವರಾಯ ಕಮಳಾಬಾಯಿಯ ಕಡೆ ತಿರುಗಿ ಕೇಳಿದ: "ಯಾ ಊರಿಗಿ ಹೊಂಟೀರಿ ಯವ್ವಾ?"

ಅವಳ ಎದೆ ಹಾರಿತು. ಮದುವೆಯಾದ ಹೊಸದರಲ್ಲಿ ಜನರೆದುರು ಹೆಂಡತಿಯೊಡನೆ ಮಾತಾಡಲು ನಾಚುತ್ತಿದ್ದ ಅವನು ಹೀಗೇ ಚೇಷ್ಟೆ ಮಾಡುತ್ತಿದ್ದ. ದೋಣಿ ಹತ್ತಿದ ಹೆಣ್ಣುಮಕ್ಕಳನ್ನೆಲ್ಲ ಯವ್ವಾ ಎನ್ನುವುದು ಅವನ ಪದ್ಧತಿ. ಅವಳನ್ನೂ ಯವ್ವಾ ಎಂದು, ಯಾವ ಊರು ಎಂದು ಕೇಳುತ್ತಿದ್ದ. ಅವಳು ಆಗ ಕೊಡುತ್ತಿದ್ದ ಉತ್ತರವನ್ನೇ ಈಗಲೂ ಕೊಟ್ಟಳು: "ಗಂಡನ ಮನಿಗಿ ಹೊಂಟೀನಿ."

"ಚಲೋ ಆತು ಬಿಡ್ರಿ," ಎಂದು ನಕ್ಕ ಶಿವರಾಯ. ಹುಟ್ಟು ಹಾಕುತ್ತ ಬಹಳ ಹೊತ್ತು ನಗುತ್ತಲೇ ಇದ್ದ. ಕಮಳಾಬಾಯಿ ಮಗಳ ಕಡೆ ನೋಡಿ ಹುಬ್ಬು ಹಾರಿಸಿದಳು, ನಾ ಹೇಳಲಿಲ್ಲೇನು ಎನ್ನುವಂತೆ.

ಆಚೆ ದಂಡೆ ಬಂತು. ಜಾಲಿ ಗಿಡ, ಏರಿ ಹತ್ತಿ ಊರಿಗೆ ಹೋಗುವ ಕಾಲುದಾರಿ, ಸವೆದ ಗೂಟ, ಎಲ್ಲ ಇದ್ದಲ್ಲೇ ಇದ್ದವು. ಕಮಳಾಬಾಯಿ ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು, ಮೊಣಕಾಲು ನೋವನ್ನು ಲೆಕ್ಕಿಸದೆ ಜಿಗಿದಳು. ತಿರುಗಿ ನಿಂತು ಕೈ ಚಾಚಿದಳು.

"ಒಗಿ!"

ಶಿವರಾಯ ಗಳವನ್ನು ರಾಡಿಗೆ ಊರಿ ದೋಣಿ ನಿಲ್ಲಿಸಿದ. ಹಗ್ಗದ ಸುರುಳಿ ಕೈಗೆ ತೆಗೆದುಕೊಂಡ. ಎಸೆಯಲಿಲ್ಲ.

"ಹಗ್ಗ ನೀವ ಮುಟ್ಟಬಾರದ್ರಿ ಯವ್ವಾ," ಎಂದ, ಅವಳಿಗೆ ಬೇಸರವಾದೀತೆಂದು ದನಿ ತಗ್ಗಿಸಿ. "ನಮ್ಮಾಕಿ ಬರ್ತಾಳ. ಆಕಿ ಕಟ್ಟತಾಳ."

"ನಾನs ಅಲ್ಲೇನು? ನೋಡಿಲ್ಲಿ. ನಾ ಕಮಳಿ."

ಅವನು ನೋಡಿದ. ದಯೆಯಿಂದಲೇ ನೋಡಿದ. "ಊರಾಗ ಹಿಟ್ಟು ಬೀಸಗೊಂಡು ಬರಾಕ ಹೋಗ್ಯಾಳ್ರಿ. ನೀವು ಅದs ಹಾದ್ಯಾಗ ಹೊಂಟೀರಲ್ಲ, ಗಿರಣ್ಯಾಗ ಸಿಕ್ಕರ ಹೇಳ್ರಿ, ನಾವಿ ಬಂದೈತಿ ಅಂತ."

"ಅಪ್ಪಾ!" ಎಂದು ಉಜ್ವಲಾ ದೋಣಿಯೊಳಗಿಂದ ಚೀರಿದಳು. ಕಮಳಾಬಾಯಿ ಕೈಸನ್ನೆಯಿಂದ ಅವಳ ಬಾಯಿ ಮುಚ್ಚಿಸಿದಳು. "ಹೇಳ್ತೀನ್ರಿ" ಎಂದು ಗಂಡನಿಗೆ ಹೇಳಿ ಏರಿ ಹತ್ತಿದಳು.

ಜಾಲಿ ಗಿಡದ ಹಿಂದೆ ನಿಂತು ಉಸಿರು ತೆಗೆದುಕೊಂಡಳು. ಅಲ್ಲಿ ಯಾರೂ ನೋಡುವವರಿರಲಿಲ್ಲ, ಅಳಬಹುದಿತ್ತು. ಅಳಲಿಲ್ಲ. ಸೀರೆಯ ನಿರಿಗೆ ಎತ್ತಿ ನಡುವಿಗೆ ಸಿಕ್ಕಿಸಿದಳು, ಹಿಂದೆ ಹಾಗೇ ಸಿಕ್ಕಿಸುತ್ತಿದ್ದಳು. ಚಪ್ಪಲಿ ಅಲ್ಲೇ ಬಿಟ್ಟಳು. ಬುತ್ತಿಯ ಚೀಲ ತಲೆಯ ಮೇಲಿಟ್ಟುಕೊಂಡಳು; ದೂರದಿಂದ ಹಿಟ್ಟಿನ ಗಂಟಿನಂತೆ ಕಾಣಲಿ ಎಂದು. ಆಮೇಲೆ ಹಾದಿಯ ತಲೆಗೆ ಬಂದು, ನೀರಿನ ಮೇಲೆ ಹಾಯುವಂಥ ದೊಡ್ಡ ದನಿಯಲ್ಲಿ, "ಬಂದ್ಯಾ? ಒಗೀ!" ಎಂದು ಕೂಗುತ್ತ ಇಳಿಜಾರಿನಲ್ಲಿ ಓಡಿಬಂದಳು. ಎರಡು ಸಲ ಎಡವಿದಳು. ಓಡುವುದನ್ನು ನಿಲ್ಲಿಸಲಿಲ್ಲ.

ದೋಣಿಯ ಅಂಚಿನ ಮೇಲೆ ಕುಳಿತಿದ್ದ ಶಿವರಾಯ ಧಡಕ್ಕನೆ ಎದ್ದು ನಿಂತ. ಅವನ ಮುಖ ಅರಳಿತು. ಸುರುಳಿ ಹಿಡಿದ ಕೈ ಮೇಲೆದ್ದಿತು, ಭುಜ ಹಿಂದಕ್ಕೆ ಹೋಯಿತು. ಉಜ್ವಲಾ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು.

ಕಮಳಾಬಾಯಿ ನೀರಿನ ಅಂಚಿಗೆ ಬಂದು ಎರಡೂ ಕೈ ಚಾಚಿದಳು. ಶಿವರಾಯ ಅವಳ ತಲೆಯ ಮೇಲಿನ ಗಂಟು ನೋಡಿದ, ಬರಿಗಾಲು ನೋಡಿದ, ಕೊನೆಗೆ ಮುಖ ನೋಡಿದ. ಕೈ ಮೆಲ್ಲಗೆ ಇಳಿಯಿತು.

"ಸಿಕ್ಕಳೇನ್ರಿ ಯವ್ವಾ?" ಎಂದ.

ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಗಂಟನ್ನು ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಿಕ್ಕಳ್ರಿ," ಎಂದಳು. "ಗಿರಣ್ಯಾಗ ಪಾಳಿ ಭಾಳ ಐತಂತ. ಬರಾಕತ್ತಾಳ."

"ಬರ್ತಾಳ ಬರ್ತಾಳ. ಊರಿಗಿ ಬಂದಾಕಿ ನೀರಿಗಿ ಬರದs ಇರ್ತಾಳೇನ್ರಿ?" ಅವನಿಗೆ ಸಮಾಧಾನವಾಗಿತ್ತು. ಮತ್ತೆ ದೋಣಿಯ ಅಂಚಿನ ಮೇಲೆ ಕುಳಿತು, ಪಕ್ಕಕ್ಕೆ ಸರಿದು, ಅಂಗೈಯಿಂದ ಹಲಗೆ ಒರೆಸಿ ಜಾಗ ಮಾಡಿದ. "ಬಿಸಲಾಗ ಯಾಕ ನಿಂತೀರಿ? ಬರ್ರಿ, ಕೂಡ್ರಿ. ನಿಮ್ಮನ್ನೂ ಮನಿ ಮುಟ್ಟಸ್ತೀನಿ, ಆಕಿ ಒಬ್ಬಾಕಿ ಬರಲಿ."

ಕಮಳಾಬಾಯಿ ಮಂಡಿಯವರೆಗೆ ನೀರಿಗಿಳಿದು ಅವನ ಪಕ್ಕದಲ್ಲಿ ಹೋಗಿ ಕುಳಿತಳು. ಹಗ್ಗದ ಸುರುಳಿ ಅವನ ತೊಡೆಯ ಮೇಲಿತ್ತು. ದೋಣಿಯನ್ನು ಯಾರೂ ಕಟ್ಟಿರಲಿಲ್ಲ; ರಾಡಿಗೆ ಊರಿದ ಗಳವನ್ನು ಉಜ್ವಲಾ ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಶಿವರಾಯ ಕಣ್ಣಿಗೆ ಕೈ ಅಡ್ಡ ಹಿಡಿದು ಜಾಲಿ ಗಿಡದ ಹತ್ತಿರದ ಹಾದಿಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳೂ ಅತ್ತಲೇ ನೋಡತೊಡಗಿದಳು.