ಗಾಳಿಕಿಂಡಿಯಲ್ಲಿ ಒಂದು ಬಂದರು

೧

ಕುಕ್ಕರಿನ ಎರಡು ಸೀಟಿಗಳ ನಡುವೆ, ಒಂದೇ ಹೆಬ್ಬೆರಳಿನಲ್ಲಿ, ನಾಲ್ಕು ಸಾವಿರ ಸೈನಿಕರನ್ನು ಹೊಡೆದುರುಳಿಸಿದವಳು ನಾನು. ಇದರಲ್ಲಿ ಅರ್ಧ ಸುಳ್ಳು. ಕುಕ್ಕರ್ ನನ್ನದು, ಹೆಬ್ಬೆರಳು ದೊಡ್ಡ ಸೊಸೆಯದು.

ಕಥೆಯನ್ನು ಹೀಗೆ ಶುರು ಮಾಡಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಓದಿಕೊಂಡವರು ಆಕಾಶದಿಂದಲೋ ಕಿಟಕಿಯಿಂದಲೋ ಶುರು ಮಾಡುತ್ತಾರಂತೆ. ನಾನೂ ಮೊದಲು ಹಾಗೇ ಬರೆದೆ: ‘ಕಿಟಕಿಯಾಚೆ ಮೋಡ ಕವಿದಿತ್ತು.’ ಬರೆದು ಎದ್ದು ನೋಡಿದರೆ ಕಿಟಕಿಯಾಚೆ ಎದುರುಮನೆಯವರ ಒಳಲಂಗ ಒಣಗುತ್ತಿತ್ತು. ಹೊಡೆದುಹಾಕಿದೆ. ಎರಡನೇ ಸಲ ಆಟದ ಯಂತ್ರದ ಬಾಯಲ್ಲೇ ಕಥೆ ಹೇಳಿಸಿದೆ. ‘ನಾನೊಂದು ಯಂತ್ರ, ನನಗೂ ಮನಸ್ಸಿದೆ’ ಅಂತ. ಓದುತ್ತಿದ್ದ ಹಾಗೆ ನನಗೇ ಆಕಳಿಕೆ ಬಂತು. ಆ ಯಂತ್ರಕ್ಕೆ ಮನಸ್ಸು ಎಲ್ಲಿಂದ ಬರಬೇಕು? ಅದಕ್ಕಿರುವುದು ಹೊಟ್ಟೆ. ಈ ಕಥೆಯ ತಂಟೆಯೆಲ್ಲ ಆ ಹೊಟ್ಟೆಯದೇ.

ಆದ್ದರಿಂದ ನೇರವಾಗಿ ಹೇಳುತ್ತೇನೆ. ನನ್ನ ಮಟ್ಟಿಗೆ ನೇರ.

೨

ನನಗೆ ಇಬ್ಬರು ಸೊಸೆಯರು. ಇಬ್ಬರು ಗಂಡುಮಕ್ಕಳೂ ಇದ್ದಾರೆ, ಆದರೆ ಕಥೆಗೆ ಅವರು ಬೇಕಾಗಿಲ್ಲ. (ಮನೆಗೂ ಅಷ್ಟಕ್ಕಷ್ಟೇ.)

ದೊಡ್ಡವಳು ಹಾಲ್‌ನಲ್ಲಿ ಕೂತು ಗಿರಾಕಿಗಳಿಗೆ ಪರದೆ, ಸೋಫಾದ ಗವಸು ಹೊಲಿಯುತ್ತಾಳೆ. ಹೊಲಿಗೆ ಮಿಷನ್ನಿನ ಎದುರಿಗೆ ಟಿವಿ, ಟಿವಿಯ ಕೆಳಗೆ ಹಳೆಯ ಆಟದ ಯಂತ್ರ, ಅದರ ಪಕ್ಕದಿಂದ ಬಾಗಿಲವರೆಗೆ ಡಿಸ್ಕಿನ ಡಬ್ಬಿಗಳು. ಹತ್ತು ಲಕ್ಷ ಇರಬಹುದು. (“ನೂರೂ ಇಲ್ಲ ಅತ್ತೆ” ಅನ್ನುತ್ತಾಳೆ. ಕೊಂಡವಳು ಅವಳು, ಧೂಳು ಒರೆಸುವವಳು ನಾನು. ಯಾರ ಲೆಕ್ಕ ಸರಿ ಅಂತ ನೀವೇ ತೀರ್ಮಾನಿಸಿ.) ಇವಳಿಗೆ ನಾನಿಟ್ಟ ಹೆಸರು ಡಬ್ಬಿ.

ಚಿಕ್ಕವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಾಳೆ. ದಿನವಿಡೀ ಕಂಡವರ ಹಲ್ಲಿಗೆ ಹೊಳಪು ಕೊಟ್ಟು, ಸಂಜೆ ಬಂದು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಆಡುತ್ತಾಳೆ. ಅವಳ ಆಟಗಳೆಲ್ಲ ಗಾಳಿಯಲ್ಲಿ ಬರುತ್ತವೆ. ದುಡ್ಡು ಗಾಳಿಯಲ್ಲಿ ಹೋಗುತ್ತದೆ, ಆಟ ಗಾಳಿಯಲ್ಲಿ ಇಳಿಯುತ್ತದೆ, ಕೈಗೆ ಮಾತ್ರ ಏನೂ ಸಿಗುವುದಿಲ್ಲ. ಇವಳ ಹೆಸರು ಗಾಳಿ.

ಮೂರನೆಯವಳು ನಾನು. ನೆಟ್ಟಿನ ಪೆಟ್ಟಿಗೆಯ ಸ್ವಿಚ್ಚು ನನ್ನ ಮಂಚದ ಪಕ್ಕದಲ್ಲಿದೆ. ತಿಂಗಳಿಗೆ ಇಷ್ಟೇ ಅಂತ ಬರುವ ನೆಟ್ಟನ್ನು ಇಬ್ಬರಿಗೂ ಸಮಪಾಲು ಮಾಡಿಕೊಡುವವಳು ನಾನೇ. ಮಿತಿ ದಾಟಿತೋ, ಅದು ತೆವಳತೊಡಗುತ್ತದೆ. ಆಗ ಮಗುವಿನ ಫೋಟೋ ಒಂದನ್ನು ಒತ್ತಿದರೆ, ಫೋಟೋ ತೆರೆಯುವಷ್ಟರಲ್ಲಿ ಆ ಮಗುವಿಗೆ ಮದುವೆಯಾಗಿರುತ್ತದೆ.

೩

ಚಿಕ್ಕವಳು ಮದುವೆಯಾಗಿ ಬಂದ ಹೊಸದರಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ನಾನು ಏನು ಕೇಳಿದರೂ “ಹೂಂ”, ನನ್ನ ಮಗ ಏನು ಕೇಳಿದರೂ “ಊಹೂಂ”. ಒಂದು ಮಧ್ಯಾಹ್ನ ದೊಡ್ಡವಳು ಹೊಲಿಗೆ ನಿಲ್ಲಿಸಿ, ಎರಡನೇ ರಿಮೋಟನ್ನು ಅವಳ ಕೈಗೆ ತುರುಕಿದಳು. (“ಅದು ರಿಮೋಟಲ್ಲ ಅತ್ತೆ, ಕಂಟ್ರೋಲರ್.” ಆಗಲಿ ತಾಯಿ.) ಆಟದ ಹೆಸರು ‘ಬಂದರು’. ಖಾಲಿ ಕಡಲತೀರ ಕೊಡುತ್ತಾರೆ. ಕಟ್ಟೆ ಕಟ್ಟಬೇಕು, ಗೋದಾಮು ಎಬ್ಬಿಸಬೇಕು, ದೀಪದ ಗೋಪುರ ನಿಲ್ಲಿಸಬೇಕು, ಹಡಗುಗಳನ್ನು ಕರೆಸಿಕೊಳ್ಳಬೇಕು. ಒಳಗೆ ಹೋಗುವುದಕ್ಕೆ ಒಂದು ಹೆಸರು ಬೇಕಂತೆ.

“ನಿನ್ನ ಹೆಸರಲ್ಲೇ ಇರ್ಲಿ ಬಿಡು,” ಅಂದಳು ದೊಡ್ಡವಳು. “ಈ ಮನೇಲಿ ನಿಂದು ಅಂತ ಒಂದಾದ್ರೂ ಇರ್ಲಿ.”

ಆಮೇಲೆ ನೋಡಬೇಕಿತ್ತು. ಹಡಗು ಎಡಕ್ಕೋ ಬಲಕ್ಕೋ ಅಂತ ಇಬ್ಬರೂ ಕಿತ್ತಾಡುವ ಸದ್ದಿಗೆ ಪಾತ್ರೆಗಳೆಲ್ಲ ಕಪಾಟಿನಿಂದ ತಾವಾಗಿ ಇಳಿದು ಬರುತ್ತಿದ್ದವು. ಒಂದು ಗೋದಾಮಿಗೆ ನನ್ನ ಹೆಸರನ್ನೂ ಇಟ್ಟರು. ಇಲಿ ಜಾಸ್ತಿ ಇದ್ದ ಗೋದಾಮಂತೆ.

ವರ್ಷಗಳು ಕಳೆದ ಮೇಲೆ ಚಿಕ್ಕವಳು ತನ್ನ ಸಂಬಳದಲ್ಲಿ ತನ್ನ ಕೋಣೆಗೆ ಹೊಸ ಯಂತ್ರ ತಂದಳು. ಬೆಳ್ಳಗೆ, ತೆಳ್ಳಗೆ, ನೆಟ್ಟಗೆ ನಿಲ್ಲುವಂಥದು. ದೊಡ್ಡವಳು ಅದರ ಸುತ್ತ ಮೂರು ಸಲ ಬಂದು, “ಡಿಸ್ಕ್ ಎಲ್ಲಿ ಹಾಕೋದು?” ಅಂದಳು.

“ಡಿಸ್ಕಾ? ಅದನ್ನ ಕಾಗೆ ಓಡ್ಸೋಕೆ ತೂಗುಹಾಕಿ ಅಕ್ಕ.”

ದೊಡ್ಡವಳು ನಕ್ಕಳು. ಮೂಗಿನ ಹೊಳ್ಳೆ ಮಾತ್ರ ನಗಲಿಲ್ಲ. “ಕಾಗೆಗಾದ್ರೂ ಆಗತ್ತೆ. ನಿಂದು? ಅಂಗಡಿಯವನು ಬಾಗಿಲು ಹಾಕ್ಕೊಂಡ ದಿನ ಏನು ತೂಗುಹಾಕ್ತೀಯ?”

ಅಷ್ಟೇ ಮಾತು. ಚಿಕ್ಕವಳು ಅದೇ ಬಂದರನ್ನು ಇನ್ನೊಂದು ಸಲ ದುಡ್ಡು ಕೊಟ್ಟು ಗಾಳಿಯಲ್ಲಿ ಇಳಿಸಿಕೊಂಡಳು, ಹೆಸರು ಅವಳದೇ ಆದ್ದರಿಂದ ಕಟ್ಟಿದ್ದೆಲ್ಲ ಅವಳ ಹಿಂದೆಯೇ ಕೋಣೆಯೊಳಕ್ಕೆ ಹೋಯಿತು, ಬಾಗಿಲು ಮುಚ್ಚಿತು. ಅಂದಿನಿಂದ ಇಬ್ಬರ ನಡುವೆ ನೀರು ಬಂತಾ, ಗ್ಯಾಸ್ ಆರಿಸಿದ್ಯಾ, ಇಂಥ ಮಾತು ಬಿಟ್ಟರೆ ಬೇರೆ ಇಲ್ಲ.

೪

ಈ ಭಾಗವನ್ನು ಬಿಟ್ಟಿದ್ದೇನೆ. ಇದರಲ್ಲಿ ನಮ್ಮ ಯಜಮಾನರು ಬರುತ್ತಿದ್ದರು. ಬದುಕಿದ್ದಾಗ ಬೇಗ ಎದ್ದು ಹೊರಡುವ ಅಭ್ಯಾಸ ಅವರಿಗಿರಲಿಲ್ಲ, ಕಥೆಯಲ್ಲಿ ಬಂದರೆ ಹೊರಡುತ್ತಾರೆ ಅನ್ನುವ ನಂಬಿಕೆ ನನಗಿಲ್ಲ.

೫

ಹೊಟ್ಟೆಯ ವಿಷಯಕ್ಕೆ ಬಂದೆ. ಹೊಸ ಯಂತ್ರ ನೋಡಲು ಆಳೆತ್ತರ ಇದ್ದರೂ ಮೂರು ಆಟ ತಿಂದರೆ ತೇಗುತ್ತದೆ. ನಾಲ್ಕನೆಯದು ಬೇಕಾದರೆ ಒಂದನ್ನು ಕಕ್ಕಬೇಕು. ಚಿಕ್ಕವಳು ಯಾವುದೋ ಯುದ್ಧದ ಆಟಕ್ಕೆ ಜಾಗ ಮಾಡಲು ಬಂದರನ್ನು ಅಳಿಸಿದಳು. ಕಟ್ಟಿದ್ದೆಲ್ಲ ಕಂಪನಿಯವರ ಹತ್ತಿರ ಭದ್ರವಾಗಿರುತ್ತದೆ, ಬೇಕಾದಾಗ ಆಟವನ್ನು ಮತ್ತೆ ಇಳಿಸಿಕೊಂಡರಾಯಿತು ಅನ್ನುವ ಧೈರ್ಯ. ಯುದ್ಧ ಎರಡು ಸಂಜೆಗೆ ಬೇಸರ ಬಂತು. ಆಗಲೇ ಕಂಪನಿಯಿಂದ ಸಂದೇಶವೂ ಬಂತು: ಈ ತಿಂಗಳ ಕೊನೆಗೆ ಬಂದರನ್ನು ಅಂಗಡಿಯಿಂದ ತೆಗೆಯುತ್ತಿದ್ದೇವೆ, ಅಷ್ಟರೊಳಗೆ ಇಳಿಸಿಕೊಂಡವರಿಗೆ ಉಂಟು, ಉಳಿದವರಿಗೆ ನಮ್ಮ ಪ್ರೀತಿಯ ವಂದನೆ.

ದುಡ್ಡು ಕೊಟ್ಟಿದ್ದಾಳೆ. ಆದರೂ ಇಲ್ಲ. ನಮ್ಮ ಕಾಲದಲ್ಲಿ ಇದಕ್ಕೆ ಬೇರೆ ಹೆಸರಿತ್ತು, ಪೊಲೀಸರು ಬರುತ್ತಿದ್ದರು.

(ಡಬ್ಬಿಯ ಪಕ್ಷ ವಹಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಈಗಿನ ಡಿಸ್ಕುಗಳ ಹಣೆಬರಹವೂ ಅಷ್ಟೇ. ಹೋದ ತಿಂಗಳು ದೊಡ್ಡವಳು ಹೊಸದೊಂದನ್ನು ತಂದು ಹಾಕಿದರೆ ಯಂತ್ರ ಹೇಳಿತಂತೆ: ಸಂತೋಷ, ಇನ್ನು ಎಂಬತ್ತು ಜಿಬಿ ಇಳಿಸಿಕೊಳ್ಳಿ. ಅಂದರೆ ಡಬ್ಬಿಯೊಳಗೂ ಗಾಳಿಯೇ. ಬಂದರು ಹಳೆಯ ಡಿಸ್ಕು, ಅದರಲ್ಲಿ ಆಟ ಪೂರ್ತಿ ಇದೆ.)

ತಿಂಗಳು ಮುಗಿಯಲು ಕೆಲವೇ ದಿನ. ಚಿಕ್ಕವಳ ಪಾಲಿನ ನೆಟ್ಟು ಯುದ್ಧದಲ್ಲಿ ವೀರಮರಣ ಹೊಂದಿತ್ತು. ಅವಳು ಕೋಣೆಯಲ್ಲಿ ಅತ್ತಿಂದಿತ್ತ ತಿರುಗುವುದು ಹಾಲ್‌ವರೆಗೂ ಕೇಳುತ್ತಿತ್ತು. ದೊಡ್ಡವಳು ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡಳು, ಮತ್ತೆ ಹೊಲಿದಳು, ಮತ್ತೆ ನಿಲ್ಲಿಸಿದಳು. ಆ ದಿನ ಹೊಲಿದ ಪರದೆಯಲ್ಲಿ ಮೇಲಿನ ಅಂಚು ಕೆಳಗೆ ಬಂದಿತ್ತು.

ಸ್ವಲ್ಪ ಹೊತ್ತಿಗೆ ನನ್ನ ಮಂಚದ ಹತ್ತಿರ ಬಂದಳು. “ಅತ್ತೆ, ನನ್ನ ಪಾಲೂ ಅವಳಿಗೇ ಬಿಡಿ. ನಾನು ಬಿಟ್ಟೆ ಅಂತ ಮಾತ್ರ ಹೇಳ್ಬೇಡಿ.”

“ಮತ್ತೆ ಯಾರು ಬಿಟ್ರು ಅನ್ಲಿ?”

“ಉಳಿದಿತ್ತು ಅನ್ನಿ.”

೬

ಇಲ್ಲಿಗೆ ಕಥೆ ಮುಗಿದಿದ್ದರೆ ದೊಡ್ಡವಳಿಗೆ ಒಳ್ಳೆಯ ಹೆಸರು, ನನಗೆ ನಿದ್ದೆ. ಆದರೆ ಅವಳಿಗೆ ಅಷ್ಟು ಸಾಕಾಗಲಿಲ್ಲ. ನೆಟ್ಟು ಕೈಕೊಟ್ಟರೆ ಏನು ಗತಿ ಅಂತ ಅವಳಿಗೆ ಹೊಳೆಯಿತು. ತನ್ನ ಹತ್ತಿರ ಡಿಸ್ಕ್ ಇದೆ. ಚಿಕ್ಕವಳು ಕೆಲಸದಿಂದ ಬರುವಷ್ಟರಲ್ಲಿ ಆಟ ತಾನಾಗಿ ಕೂತಿದ್ದರೆ? ಯಾರು ಮಾಡಿದ್ದು ಅಂತಲೂ ಗೊತ್ತಾಗಬಾರದು, ಬೇರೆ ಯಾರೂ ಮಾಡಿರಲು ಸಾಧ್ಯವಿಲ್ಲ ಅಂತಲೂ ಗೊತ್ತಾಗಬೇಕು. ಇಂಥ ಪುಣ್ಯದ ರುಚಿಯೇ ಬೇರೆ.

ಚಿಕ್ಕವಳು ಲ್ಯಾಬಿಗೆ ಹೋದ ಮೇಲೆ ಡಿಸ್ಕನ್ನು ಸೆರಗಿನಲ್ಲಿ ಒರೆಸಿಕೊಂಡು ಕೋಣೆಗೆ ಹೋದಳು. (ನಾನು ಬಾಗಿಲ ಸಂದಿಯಲ್ಲಿದ್ದೆ. ಕಥೆ ಬರೆಯುವವರು ಎಲ್ಲ ಕಡೆಯೂ ಇರಬೇಕಾಗುತ್ತದೆ.) ಯಂತ್ರದ ಮುಂದೆ ನೋಡಿದಳು, ಹಿಂದೆ ನೋಡಿದಳು. ಡಿಸ್ಕಿಗೆ ಬಾಯೇ ಇಲ್ಲದ ಯಂತ್ರವನ್ನು ಯಾರಾದರೂ ಮಾಡುತ್ತಾರೆಯೇ, ಎಲ್ಲೋ ಅಡಗಿಸಿಟ್ಟಿರುತ್ತಾರೆ ಅಂತ ಅವಳ ನಂಬಿಕೆ. ಪಕ್ಕದಲ್ಲಿ, ಬಿಳಿ ಹೊದಿಕೆಗೂ ಮೈಗೂ ನಡುವೆ, ಉದ್ದಕ್ಕೆ ಒಂದು ಸಂದಿ ಕಾಣಿಸಿತು. ಡಿಸ್ಕಿನ ಅಂಚನ್ನು ಇಟ್ಟಳು. ಅಳತೆ ತೆಗೆದು ಮಾಡಿಸಿದ ಹಾಗೆ ಹೋಯಿತು. ಖುಷಿಯಾಗಿ ಇನ್ನೊಂದು ಚೂರು ತಳ್ಳಿದಳು. ಪೂರ್ತಿ ಹೋಯಿತು.

ಅದು ಬಿಸಿಗಾಳಿ ಹೊರಗೆ ಹೋಗುವ ಕಿಂಡಿ.

ದೊಡ್ಡವಳು ಕೈಕಟ್ಟಿಕೊಂಡು ಯಂತ್ರ ಡಿಸ್ಕನ್ನು ನುಂಗುವ ಸದ್ದಿಗೆ ಕಾದಳು. ಹಳೆಯದು ನುಂಗುವಾಗ ಒಂದು ಗುಟುಕು ಸದ್ದು ಬರುತ್ತದೆ. ಇದು ಗುಟುಕರಿಸಲಿಲ್ಲ. ಬೆರಳು ಹಾಕಿದಳು, ಹಿಡಿಯುವುದಕ್ಕೆ ಸಿಗಲಿಲ್ಲ. ಹೊಲಿಗೆಯ ಚಿಮಟ ತಂದಳು, ಇನ್ನೂ ಒಳಗೆ ಜಾರಿತು. ಅಳತೆಪಟ್ಟಿ, ತಲೆಪಿನ್ನು, ಕೊನೆಗೆ ಬಾಯಿ ಹಚ್ಚಿ ಊದಿದಳು. ಊದಿದ್ದೂ ಒಳಗೇ ಹೋಯಿತು.

೭

“ಅತ್ತೆ, ಅದನ್ನ ಬರೀಬೇಡಿ.”

ಮೇಲಿನದನ್ನು ಓದಿದ ದೊಡ್ಡವಳು ನನ್ನ ಮುಂದೆ ನಿಂತಿದ್ದಾಳೆ.

“ಬರೆದಾಯ್ತಲ್ಲ.”

“ಧೂಳು ಒರೆಸ್ತಿದ್ದೆ, ಕೈಜಾರಿ ಬಿತ್ತು ಅಂತ ಬರೀರಿ.”

“ಈ ಮನೇಲಿ ನೀನು ಧೂಳು ಒರೆಸ್ತೀಯ ಅಂದ್ರೆ ಓದೋರು ಪುಸ್ತಕಾನೇ ಎಸೀತಾರೆ.”

“ಊದಿದ್ದಾದ್ರೂ ತೆಗೀರಿ.”

“ಅದೇ ಚೆನ್ನಾಗಿರೋದು.”

ಅವಳ ಕಣ್ಣು ತುಂಬಿಕೊಂಡಿತ್ತು, ಅದಕ್ಕೇ ಪೆನ್ನು ಕೆಳಗಿಟ್ಟೆ. ಅವಳ ಸಂಕಟ ಇದು. ಚಿಕ್ಕವಳಿಗೆ ಹೇಳಿದರೆ ಜನ್ಮಪೂರ್ತಿ ನಗೆಪಾಟಲು: ಡಿಸ್ಕಿನ ಮಹಾರಾಣಿ ಗಾಳಿಕಿಂಡಿಗೆ ಡಿಸ್ಕು ತುರುಕಿದಳು ಅಂತ. ಹೇಳದಿದ್ದರೆ ಬಂದರೇ ಹೋಗುತ್ತದೆ. ಯಾಕೆಂದರೆ ಎರಡು ಪಾಲು ನೆಟ್ಟು ಸಿಕ್ಕಿದ ಮೇಲೆ ಚಿಕ್ಕವಳು ಇಳಿಸಲು ಶುರುಮಾಡಿದ್ದಳು. ಯಂತ್ರ ಒಂದಿಷ್ಟು ಇಳಿಸುತ್ತದೆ, ಉಸಿರು ಕಟ್ಟಿ ಬಿಸಿಯಾಗುತ್ತದೆ, ಕಣ್ಣು ಮುಚ್ಚುತ್ತದೆ. ಆರಿದ ಮೇಲೆ ಎದ್ದು ಇನ್ನೊಂದಿಷ್ಟು. ಈ ನಡಿಗೆಯಲ್ಲಿ ಬಂದರು ಇಳಿಯುವಷ್ಟರಲ್ಲಿ ಸಮುದ್ರವೇ ಬತ್ತುತ್ತದೆ.

ಚಿಕ್ಕವಳ ಕೈಲಿ ಬೈಸಿಕೊಂಡವಳು ಮಾತ್ರ ನಾನು.

“ಅತ್ತೆ, ನಿಜ ಹೇಳಿ, ಸ್ವಿಚ್ ಆರಿಸ್ತಿರೋದು ನೀವಲ್ವಾ?”

“ನಾನ್ಯಾಕೆ ಆರಿಸ್ಲಿ?”

“ಮಜಾ ತಗೊಳ್ಳೋಕೆ.”

ಹುಡುಗಿ ನನ್ನನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾಳೆ. ಈ ಸಲ ಮಾತ್ರ ತಪ್ಪಿತು. ದೊಡ್ಡವಳು ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿದವಳು ತಲೆಯೆತ್ತಲಿಲ್ಲ.

೮

ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಒಂದು, ದೊಡ್ಡವಳು ಬರೆಸಿದ್ದು: ಡಿಸ್ಕು ತಾನಾಗಿ ಜಾರಿ ಹೊರಗೆ ಬಿತ್ತು, ಎಲ್ಲರೂ ಸುಖವಾಗಿದ್ದರು. (ಬರೆದೆ. ಓದಿಸಿದೆ. “ಸಪ್ಪೆ ಅನ್ಸತ್ತೆ ಅಲ್ವಾ ಅತ್ತೆ” ಅಂತ ಅವಳೇ ಅಂದಳು.)

ಇನ್ನೊಂದರಲ್ಲಿ ನಾನು ಪೊರಕೆ ಹಿಡಿದು ಕೋಣೆಗೆ ನುಗ್ಗಿ ಯಂತ್ರವನ್ನು ತಲೆಕೆಳಗೆ ಮಾಡಿ ಕೊಡವುತ್ತೇನೆ. ಡಿಸ್ಕು ಬೀಳುತ್ತದೆ, ಊರಿನವರು ನನ್ನನ್ನು ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ. ಇದಕ್ಕೆ ನನ್ನ ಸೊಂಟ ಒಪ್ಪಲಿಲ್ಲ.

ಮತ್ತೊಂದು, ಕಂಪನಿಯವರೇ ಫೋನ್ ಮಾಡಿ, ತಾಯಿ, ನೀವು ದುಡ್ಡು ಕೊಟ್ಟ ಆಟ ನಿಮ್ಮದೇ, ನಮ್ಮಿಂದ ತಪ್ಪಾಯಿತು ಅನ್ನುವುದು. ನನ್ನ ನಾಲ್ಕು ಸಾವಿರ ಸೈನಿಕರನ್ನು ನಂಬಿದವರು ಕೂಡ ಇದನ್ನು ನಂಬುವುದಿಲ್ಲ.

ನಾಲ್ಕನೆಯದನ್ನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಚಿಕ್ಕವಳು ಕೋಣೆಯಿಂದ ಹೊರಗೆ ಬಂದು, ನಾನು ಬರೆದದ್ದರ ಕಡೆ ಕಣ್ಣೂ ಹಾಯಿಸದೆ, ಕಥೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ತಿಂಗಳ ಕೊನೆಯ ಸಂಜೆ. ಇನ್ನೂ ಬೆಳಕಿತ್ತು. ಅವಳು ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ, ಹೊಸ ಮದುವಣಗಿತ್ತಿಯ ಹಾಗೆ ಕಾಲು ಜೋಡಿಸಿಕೊಂಡು ಕೂತಳು.

“ಅಕ್ಕ.”

“ಏನು.”

“ಬಂದರು ಡಿಸ್ಕ್ ನಿಮ್ಮ ಹತ್ರ ಇದೆಯಲ್ವಾ?”

ಮಿಷನ್ನು ನಿಂತಿತು.

“ಅದಕ್ಕೇನೀಗ?”

“ಇಲ್ಲಿ ಹಾಲ್‌ನಲ್ಲಿ ಆ ಡಿಸ್ಕ್ ಹಾಕಿ, ನನ್ನ ಹೆಸರಲ್ಲಿ ಒಳಗೆ ಹೋದ್ರೆ, ಕಟ್ಟಿದ್ದೆಲ್ಲ ಹಾಗೇ ಬರತ್ತಂತೆ. ಅಂಗಡಿ ಮುಚ್ಚಿದ್ರೂ ಬರತ್ತಂತೆ. ಏನೂ ಇಳಿಸೋದೇ ಬೇಡ್ವಂತೆ. ಇಷ್ಟು ದಿನ ನಂಗ್ಯಾಕೆ ಹೊಳೀಲಿಲ್ವೋ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹೊಳೆದಿತ್ತು. ಕೇಳೋಕೆ ಬಾಯಿ ಬರ್ಲಿಲ್ಲ. ಕಾಗೆ ಅಂದಿದ್ದೆನಲ್ಲ ಆವತ್ತು.”

ದೊಡ್ಡವಳು ಮಿಷನ್ನಿನ ಸೂಜಿಯನ್ನು ಬಟ್ಟೆಯಿಂದ ಮೇಲಕ್ಕೆತ್ತಿದಳು.

“ನಮ್ಮ ಬಂದರು ಅಕ್ಕ. ನೀವು ಬೈಕೊಂಡಾದ್ರೂ ಪರವಾಗಿಲ್ಲ, ತೆಗೀರಿ.”

‘ನಮ್ಮ’ ಅಂದಳು. ಇದನ್ನು ನಾನು ಸೇರಿಸಿದ್ದಲ್ಲ. ಉತ್ಪ್ರೇಕ್ಷೆ ಮಾಡಬೇಕಾದರೂ ನನಗೆ ಇಂಥದು ಹೊಳೆಯುತ್ತಿರಲಿಲ್ಲ.

ದೊಡ್ಡವಳು ಎದ್ದಳು. ಡಬ್ಬಿಗಳ ಸಾಲಿನ ಹತ್ತಿರ ಹೋದಳು. ಹುಡುಕಬೇಕಾಗಿರಲಿಲ್ಲ, ಆದರೂ ಹುಡುಕಿದಳು. ಬಂದರಿನ ಡಬ್ಬಿಯನ್ನು ತೆಗೆದು ನಮಗೆ ಬೆನ್ನು ಮಾಡಿ ನಿಂತಳು. ಖಾಲಿ ಡಬ್ಬಿ ಎಷ್ಟು ಹಗುರ ಅಂತ ಅವಳ ಕೈಗೆ ಗೊತ್ತು, ಬೆನ್ನಿಗೂ ಗೊತ್ತಾಯಿತು. ಹಿಂದೆ ಚಿಕ್ಕವಳು ಆಗಲೇ ಎರಡು ರಿಮೋಟನ್ನೂ ತೆಗೆದು ದುಪ್ಪಟ್ಟಾದಲ್ಲಿ ಒರೆಸುತ್ತಿದ್ದಳು. ಒಂದನ್ನು ದೊಡ್ಡವಳ ಜಾಗದಲ್ಲಿ ಇಟ್ಟಳು.

(ಸೆರಗು ಅಂದಿದ್ದೆ, ಈಗ ದುಪ್ಪಟ್ಟಾ ಅನ್ನುತ್ತಿದ್ದೇನೆ. ಉಟ್ಟಿದ್ದು ಏನೋ ನಾನು ನೋಡಲಿಲ್ಲ, ಮುಖ ನೋಡುತ್ತಿದ್ದೆ.)

ದೊಡ್ಡವಳು ತಿರುಗಿ ನನ್ನ ಕಡೆ ನೋಡಿದಳು. ಅವಳ ಕಣ್ಣು ಏನು ಕೇಳುತ್ತಿದೆ ಅಂತ ಗೊತ್ತು. ಪೆನ್ನು ನನ್ನ ಕೈಯಲ್ಲಿದೆ. ‘ಡಿಸ್ಕು ಡಬ್ಬಿಯೊಳಗೇ ಇತ್ತು’ ಅಂತ ಒಂದು ಸಾಲು ಬರೆದರೆ ಅವಳ ಮಾನ ಉಳಿಯುತ್ತದೆ. ಇಷ್ಟು ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವೇನಲ್ಲ. ಬರೆಯುವುದಿಲ್ಲ. ನಾನು ಕೊಟ್ಟ ಡಿಸ್ಕಿನಲ್ಲಿ ಅವರಿಬ್ಬರೂ ಆಡಿದರೆ, ಆ ‘ನಮ್ಮ’ ಅನ್ನುವುದರಲ್ಲಿ ಅರ್ಧ ನನ್ನ ಸುಳ್ಳಾಗುತ್ತದೆ.

ಹಾಗಾದರೆ ಮುಂದೆ? ನನ್ನನ್ನು ಕೇಳಬೇಡಿ, ನನಗೆ ಗೊತ್ತಿದ್ದರೂ ಎರಡರಷ್ಟು ಮಾಡಿ ಹೇಳುತ್ತೇನೆ. ಅವಳು ಡಬ್ಬಿಯನ್ನು ಎದೆಗವಚಿಕೊಂಡು “ಕಳೆದುಹೋಗಿದೆ ಕಣೇ” ಅಂದಳೋ, ಇಲ್ಲ ಚಿಕ್ಕವಳ ಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋಗಿ ಆ ಕಿಂಡಿಯನ್ನು ತೋರಿಸಿದಳೋ? ತೋರಿಸಿದ್ದರೆ ಚಿಕ್ಕವಳು ಮೊದಲು ನಕ್ಕಳೋ, ಅತ್ತಳೋ? ನೀವೇ ಹೇಳಿ. ಬೇಗ ಹೇಳಿ, ದೊಡ್ಡವಳ ಹೆಬ್ಬೆರಳು ಡಬ್ಬಿಯ ಮುಚ್ಚಳದ ಅಂಚಿನಲ್ಲಿದೆ.