‘ಎತ್ತು’ ಅನ್ನುವ ಹೊಣೆ

"ಕೈ ತೆಗಿ ಹಾಲಿಸ್," ಎಂದ ಕ್ರೌಡರ್. "ಆ ಹಿಡಿಕೆ ನಿಂದಲ್ಲ."

ಚರ್ಚಿನ ಮೆಟ್ಟಿಲ ಬುಡದಲ್ಲಿ ಶವಪೆಟ್ಟಿಗೆ ಕಾದಿತ್ತು. ಒಳಗೆ ಮಲಗಿದ್ದವನು ಟ್ಯಾಗರ್ಟ್; ಮೂವತ್ತೊಂದು ವರ್ಷ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಮುಖ್ಯ ಕೋಚ್ ಆಗಿದ್ದವನು. ಮುಚ್ಚಳದ ಮೇಲೆ, ಹೂವಿನ ಪಕ್ಕ, ಆಟದ ವೇಳೆ ಅವನು ಅಪ್ಪಣೆ ಕೊಡುತ್ತಿದ್ದ ಹಳೆಯ ಹೆಡ್‌ಸೆಟ್ ವೈರು ಸುತ್ತಿಕೊಂಡು ಬಿದ್ದಿತ್ತು. ಹೊರಲು ನಿಂತ ಆರೂ ಜನ ಒಂದು ಕಾಲಕ್ಕೆ ಅವನ ಸಹಾಯಕರು.

"ಬಾ ಅಂದಿದ್ದು ಕೋಚ್ ಹೆಂಡ್ತಿ, ಇಮೊಜೀನಮ್ಮ," ಎಂದ ಹಾಲಿಸ್. "ನಿನ್ನ ಕೇಳ್ಕೊಂಡು ಬರೋಕೆ ನೀನ್ಯಾರು?"

"ಈಗ ಮುಖ್ಯ ಕೋಚ್ ನಾನು. ಗೆದ್ದ ಆಟ ಕೈಬಿಟ್ಟು ಟೈರ್ ಮಾರೋಕೆ ಹೋದೋನು ನೀನು."

ಯಾರೋ ಕಿಸಕ್ಕನೆ ನಕ್ಕರು. ಚರ್ಚಿನ ಪಕ್ಕದ ಕೋಣೆಯಲ್ಲಿ, ಮಣ್ಣು ಮಾಡಿದ ಮೇಲಿನ ಊಟಕ್ಕೆ, ಕರಿದ ಕೋಳಿಯ ತಟ್ಟೆ ಜೋಡಿಸುತ್ತಿದ್ದ ಹೆಂಗಸರು ಕಿಟಕಿಗೆ ಬಂದರು.

*

ಪ್ರತಿ ಆಗಸ್ಟಿನಲ್ಲೂ ಟ್ಯಾಗರ್ಟ್ ಗೋಡೆಗೆ ಒಂದು ಪಟ್ಟಿ ಅಂಟಿಸುತ್ತಿದ್ದ. ದಾಳಿ: ಹಾಲಿಸ್. ರಕ್ಷಣೆ: ಬೀಸ್ಲಿ. ನೀರು, ಟವೆಲು, ಬಸ್ಸು, ಕೊನೆಗೆ ಪ್ರಾರ್ಥನೆಯ ಎದುರೂ ಒಂದು ಹೆಸರು. ಅವನ ಹೆಸರು ಎಲ್ಲೂ ಇರುತ್ತಿರಲಿಲ್ಲ. ಕೊನೆಯ ಮಾತು ಮಾತ್ರ ಎಲ್ಲ ಕಡೆಯೂ ಅವನದೇ.

ಹದಿನೇಳು ವರ್ಷದ ಹಿಂದಿನ ಒಂದು ಶನಿವಾರ. ತಂಡ ಎರಡು ಅಂಕ ಹಿಂದೆ, ಗೋಲಿನ ಗೆರೆಗೆ ಒಂದೇ ಗಜ, ಉಳಿದದ್ದು ಕೊನೆಯ ಅವಕಾಶ.

"ಚೆಂಡು ಒದೆಸೋಣ ಕೋಚ್. ಮೂರು ಅಂಕ ಬಂದ್ರೆ ಗೆದ್ವಿ," ಎಂದ ಹಾಲಿಸ್.

"ಒಂದು ಗಜಕ್ಕೆ ಹೆದರ್ತೀಯೇನೋ? ನುಗ್ಸು."

"ಬೇಡ ಕೋಚ್..."

"ನುಗ್ಸು ಅಂದೆ!"

ಹುಡುಗರು ನುಗ್ಗಿದರು. ಗೆರೆಗೆ ಅರ್ಧ ಗಜ ಇರುವಾಗಲೇ ಬಿದ್ದರು; ಆಟ ಸೋತರು. ಕ್ಯಾಮೆರಾಗಳು ತಿರುಗುವಷ್ಟರಲ್ಲಿ ಟ್ಯಾಗರ್ಟ್ ತನ್ನ ಹೆಡ್‌ಸೆಟ್ ಕಿತ್ತು ಹಾಲಿಸ್‌ನ ಕೊರಳಿಗೆ ಹಾಕಿದ್ದ.

"ದಾಳಿ ಅವನ ಹೊಣೆ. ಬೇಕಾದ್ರೆ ಪಟ್ಟಿ ನೋಡ್ಕೊಳ್ಳಿ," ಎಂದ ಪತ್ರಿಕೆಯವರಿಗೆ.

ಮೈದಾನದ ಮೇಲಿನ ಗಾಜಿನ ಕೋಣೆಯಲ್ಲಿ ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ಆ ಮಾತೆಲ್ಲ ಕೇಳಿದವನು ಕ್ರೌಡರ್ ಒಬ್ಬನೇ. ಅವನು ಬಾಯಿ ಬಿಡಲಿಲ್ಲ. ಸೋಮವಾರ ಹಾಲಿಸ್‌ನ ಕೆಲಸ ಅವನಿಗೆ ಸಿಕ್ಕಿತು.

*

ಟ್ಯಾಗರ್ಟ್‌ನ ಹೆಂಡತಿ ಇಮೊಜೀನ್ ಮೆಟ್ಟಿಲಿಳಿದು ಬಂದು ಕೈಚೀಲದಿಂದ ಒಂದು ಕಾಗದ ತೆಗೆದಳು.

"ಇವ್ರು ಆಸ್ಪತ್ರೇಲಿ ಬರೆದದ್ದು. ಓದಪ್ಪ ಕ್ರೌಡರ್, ಎಲ್ಲರಿಗೂ ಕೇಳೋ ಹಾಗೆ."

ಹಿಡಿಕೆಗೊಬ್ಬರಂತೆ ಆರು ಹೆಸರು. ಕೊನೆಯ ಸಾಲಿಗೆ ಬರುವಾಗ ಕ್ರೌಡರ್‌ನ ದನಿ ತಗ್ಗಿತು. "‘ಎತ್ತು’ ಅನ್ನೋದು: ಹಾಲಿಸ್."

"ಸಾಯುವಾಗ್ಲೂ ನನ್ನ ತಲೆಗೇ ಕಟ್ಟಿದ," ಎಂದ ಹಾಲಿಸ್. "ಆಯ್ತು. ಬಗ್ಗಿ."

ಐವರೂ ಬಗ್ಗಿ ಹಿಡಿದರು. ಹಾಲಿಸ್ ನೆಟ್ಟಗೆ ನಿಂತೇ ಇದ್ದ. ಅಲಬಾಮಾದ ಸೆಪ್ಟೆಂಬರ್ ಬಿಸಿಲು ಐದು ಕಪ್ಪು ಕೋಟುಗಳ ಬೆನ್ನು ಸುಡುತ್ತಿತ್ತು. ಪಾದ್ರಿ ಕೆಮ್ಮಿದ.

"ಎತ್ತು ಅನ್ನಯ್ಯಾ, ಸೊಂಟ ಬಿದ್ದು ಹೋಗ್ತಿದೆ," ಎಂದ ಬೀಸ್ಲಿ.

"ಅವತ್ತು ನುಗ್ಸು ಅಂದಿದ್ದು ಯಾರು, ಕ್ರೌಡರ್?"

ಕ್ರೌಡರ್‌ನ ಕತ್ತು ಕೆಂಪಾಯಿತು. ಅವನು ಇಮೊಜೀನ್‌ಳತ್ತ ನೋಡಿದ. ಅವಳು ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತಿದ್ದಳು.

"ಕೋಚ್," ಎಂದ ಕೊನೆಗೆ. "ನೀನು ಬೇಡ ಅಂದೆ. ನಂಗೆ ಕೇಳಿಸ್ತು."

ಹಾಲಿಸ್ ಮುಚ್ಚಳದ ಮೇಲಿನ ಹೆಡ್‌ಸೆಟ್ ತೆಗೆದು, ಬಗ್ಗಿದ್ದ ಕ್ರೌಡರ್‌ನ ಕೊರಳಿಗೆ ಹಾಕಿದ. ಆಮೇಲೆ ತಾನೂ ಬಗ್ಗಿ ತನ್ನ ಹಿಡಿಕೆ ಹಿಡಿದ.

"ಎತ್ತಿ."

ಸಮಾಧಿಯವರೆಗೂ, ಹೆಜ್ಜೆಗೊಮ್ಮೆ, ನೇತಾಡುವ ವೈರಿನ ತುದಿ ಪೆಟ್ಟಿಗೆಗೆ ಬಡಿಯುತ್ತಲೇ ಇತ್ತು.